ಆ ಚೀಟಿಗೆ ಒಂದು ಸೀಲು ಬಿದ್ದಿದ್ದರೆ: ಔಷಧ ನಿಯಂತ್ರಣ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಮತ್ತು ಎಲ್ಲ ಜಿಲ್ಲೆಗಳ ಔಷಧ ಪರಿವೀಕ್ಷಕರು,
ಕರ್ನಾಟಕ ಸರ್ಕಾರ.

ವಿಷಯ: ಸ್ಟೀರಾಯ್ಡ್ (ಉರಿ, ಊತ, ಕೆಂಪು ಬೇಗ ಇಳಿಸುವ ಔಷಧ) ಇರುವ ಕಣ್ಣಿನ ಡ್ರಾಪ್ಸನ್ನು ಚೀಟಿ ಇಲ್ಲದೆಯೂ, ಹಳೇ ಚೀಟಿಗೆ ಮತ್ತೆ ಮತ್ತೆಯೂ ಮಾರುತ್ತಿರುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನನ್ನ ಮಗನಿಗೆ ಈಗ 13 ವರ್ಷ. ಏಳನೇ ಕ್ಲಾಸು. ಅವನ ಎಡಗಣ್ಣಿನಲ್ಲಿ ನಡುವಿನ ಒಂದಿಷ್ಟು ನೋಟ ಬಿಟ್ಟರೆ ಉಳಿದದ್ದೆಲ್ಲ ಹೋಗಿದೆ. ಬಲಗಣ್ಣು ಅದಕ್ಕಿಂತ ವಾಸಿ, ಆದರೆ ಅದೂ ಪೂರ್ತಿ ಇಲ್ಲ. ಇದು ಹುಟ್ಟಿನಿಂದ ಬಂದದ್ದಲ್ಲ, ಏಟು ಬಿದ್ದು ಆದದ್ದೂ ಅಲ್ಲ. ಎರಡೂವರೆ ವರ್ಷ ನಾನೇ ಕೈಯಾರೆ ಹಾಕಿದ ಡ್ರಾಪ್ಸಿನಿಂದ ಆದದ್ದು. ಆ ಡ್ರಾಪ್ಸ್ ನಕಲಿ ಮಾಲಲ್ಲ, ಅವಧಿ ಮುಗಿದದ್ದೂ ಅಲ್ಲ. ಔಷಧ ಒಳ್ಳೆಯದೇ. ಅದು ನನ್ನ ಕೈಗೆ ಬಂದ ದಾರಿ ಸರಿ ಇರಲಿಲ್ಲ. ಆ ದಾರಿಗೆ ಬಾಗಿಲು ಹಾಕುವ ಕಾನೂನು ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಪತ್ರ ನಿಮಗೆ.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

2022ರ ಬೇಸಿಗೆ. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಬೆಂಕಿಯಂಥ ಬಿಸಿಲು, ಕೆಂಪು ಧೂಳು, ಒಣ ಗಾಳಿ. ಮಗ ದಿನವಿಡೀ ಕಣ್ಣು ತಿಕ್ಕುತ್ತಿದ್ದ. ಬೆರಳಿನಿಂದ ತಿಕ್ಕಿದರೆ ಸಾಲದೆ ಮುಷ್ಟಿ ಕಟ್ಟಿ ಗೆಣ್ಣಿನಿಂದ ತಿಕ್ಕುತ್ತಿದ್ದ. ಬೆಳಗ್ಗೆ ಎದ್ದರೆ ಕಣ್ಣಿನ ಮೂಲೆಯಿಂದ ಗೀಜು ದಾರದ ಹಾಗೆ ಉದ್ದಕ್ಕೆ ಬರುತ್ತಿತ್ತು. ತಾಲ್ಲೂಕಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಇದು ಅಲರ್ಜಿ, ಈ ವಯಸ್ಸಿನ ಗಂಡು ಹುಡುಗರಲ್ಲಿ ಜಾಸ್ತಿ, ಬೇಸಿಗೆಯಲ್ಲಿ ಹೆಚ್ಚಾಗುತ್ತದೆ, ದೊಡ್ಡವನಾದ ಹಾಗೆ ತಾನಾಗಿ ಕಡಿಮೆಯಾಗುತ್ತದೆ ಎಂದರು. ಒಂದು ಡ್ರಾಪ್ಸ್ ಬರೆದರು. ಮೊದಲ ವಾರ ದಿನಕ್ಕೆ ನಾಲ್ಕು ಸಲ, ಆಮೇಲೆ ಕಡಿಮೆ ಮಾಡುತ್ತಾ ಮೂರು ವಾರಕ್ಕೆ ನಿಲ್ಲಿಸಿ, 15 ದಿನಕ್ಕೆ ಬಂದು ತೋರಿಸಿ ಎಂದರು. ಅವರು ಹೇಳಲಿಲ್ಲ ಎಂದರೆ ನನ್ನ ನಾಲಿಗೆಗೆ ಪಾಪ ಬರುತ್ತದೆ. ಹೇಳಿದ್ದರು. ಚೀಟಿಯಲ್ಲೂ ಬರೆದಿದ್ದರು.

ಎರಡನೇ ದಿನಕ್ಕೇ ಕಣ್ಣು ಬೆಳ್ಳಗಾಯಿತು. ಮಗ ತಿಕ್ಕುವುದು ಬಿಟ್ಟ. ರಾತ್ರಿ ನಿದ್ದೆ ಮಾಡಿದ. ಮತ್ತೆ ತೋರಿಸಲು ಹೋಗಬೇಕಾದ ವಾರ ನನಗೆ ಸರ್ವೆ ಕೆಲಸ ಬಿತ್ತು. ಹೋಗಲಿಲ್ಲ. ಹೇಗೂ ವಾಸಿಯಾಗಿದೆ ಅಲ್ವಾ, ಸುಮ್ನೆ ಯಾಕೆ ಬಸ್ ಚಾರ್ಜು ಎಂದುಕೊಂಡೆ. ಡ್ರಾಪ್ಸ್ ನಿಲ್ಲಿಸಿದ ಮೇಲೆ ತಿಂಗಳು ತುಂಬುವುದರೊಳಗೆ ಕೆರೆತ ಮತ್ತೆ ಶುರುವಾಯಿತು. ಆ ಚೀಟಿ ಇತ್ತಲ್ಲ, ಅದನ್ನೇ ಹಿಡಿದು ಬಸ್ ಸ್ಟ್ಯಾಂಡಿನ ಎದುರಿನ ಮೆಡಿಕಲ್ ಶಾಪಿಗೆ ಹೋದೆ. ಕೊಟ್ಟರು. ಮುಂದಿನ ತಿಂಗಳೂ ಕೊಟ್ಟರು. ನಾಲ್ಕೈದು ಸಲ ಆದ ಮೇಲೆ ಚೀಟಿಯೂ ಬೇಕಾಗಲಿಲ್ಲ. ಖಾಲಿ ಬಾಟಲಿ ತೋರಿಸಿದರೆ ಸಾಕಿತ್ತು. ಕೊನೆಕೊನೆಗೆ ನಾನು ಅಂಗಡಿಯ ಮೆಟ್ಟಿಲು ಹತ್ತುವುದರೊಳಗೆ ಒಳಗಿನ ಹುಡುಗ, "ಅದ ಹನೀನ ಏನ್ರಿ ಅಕ್ಕಾ?" ಎಂದು ಕೇಳಿ ಬಾಟಲಿ ತೆಗೆದಿಡುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತು ದಾಟದ ಹುಡುಗ. ಔಷಧದ ಓದು ಓದಿದವನಲ್ಲ. ನನ್ನನ್ನು ಗುರುತು ಹಿಡಿದು ಮಾತನಾಡಿಸುತ್ತಾನೆ ಎಂದು ಆಗ ನನಗೆ ಸಂತೋಷವೇ ಆಗುತ್ತಿತ್ತು.

ಎರಡೂವರೆ ವರ್ಷದಲ್ಲಿ 30ಕ್ಕೆ ಕಡಿಮೆ ಇಲ್ಲದಷ್ಟು ಬಾಟಲಿ ತಂದಿದ್ದೇನೆ.

ಮೊದಲು ಗೊತ್ತಾದದ್ದು ನನಗಲ್ಲ, ಅವನ ಗೆಳೆಯರಿಗೆ. ಕ್ರಿಕೆಟ್ ಆಡುವಾಗ ಪಕ್ಕದಿಂದ ಬಂದ ಚೆಂಡು ಅವನಿಗೆ ಕಾಣುತ್ತಿರಲಿಲ್ಲ. ಆಟಕ್ಕೆ ಸೇರಿಸಿಕೊಳ್ಳುವುದನ್ನು ಬಿಟ್ಟರು. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿದುಕೊಳ್ಳುತ್ತಿದ್ದ. ತಟ್ಟೆಯ ಎಡಗಡೆ ಇಟ್ಟ ಪಲ್ಯ ಹಾಗೇ ಉಳಿಯುತ್ತಿತ್ತು. ನಾನು ಬೈಯುತ್ತಿದ್ದೆ. ಬೋರ್ಡಿನ ಮೇಲೆ ಬರೆದದ್ದನ್ನು ಕೊನೇ ಬೆಂಚಿನಿಂದ ಓದುತ್ತಾನೆ, ಪುಸ್ತಕ ಓದುತ್ತಾನೆ, ಕಣ್ಣಿಗೆ ಏನಾಗಿದೆ ಇವನಿಗೆ ಎಂದುಕೊಂಡಿದ್ದೆ. ನೇರ ನೋಟ ಕೊನೆಯ ತನಕ ಉಳಿಯುತ್ತದೆ, ಪಕ್ಕದ ನೋಟ ಮೊದಲು ಹೋಗುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಕಣ್ಣು ಕನ್ನಡಿಯ ಹಾಗೆ ಬೆಳ್ಳಗಿತ್ತು. ಅಷ್ಟು ಬೆಳ್ಳಗೆ ಇಟ್ಟದ್ದು ಆ ಹನಿಯೇ.

2024ರ ನವೆಂಬರಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಅಲ್ಲಿ ಕಣ್ಣಿಗೆ ಹಳದಿ ಬಣ್ಣದ ಔಷಧ ಹಾಕಿ, ನೀಲಿ ಬೆಳಕಿನ ಮಷಿನ್ನಿನಲ್ಲಿ ಪ್ರೆಶರ್ ನೋಡಿದರು. ಹಳದಿ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ನಾನು ಸೆರಗಿನಿಂದ ಒರೆಸುತ್ತಿದ್ದೆ. ಕಣ್ಣಿನ ಪ್ರೆಶರ್ ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕಂತೆ. ಅವನ ಎಡಗಣ್ಣಿನಲ್ಲಿ 38, ಬಲಗಣ್ಣಿನಲ್ಲಿ 32. ಡಾಕ್ಟರಮ್ಮ ಎರಡನೇ ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವನಿಗೆ ಯಾವ ಡ್ರಾಪ್ಸ್ ಹಾಕ್ತಾ ಇದ್ದೀರಮ್ಮಾ?" ಎಂದು ಕೇಳಿದರು. ಬ್ಯಾಗಿನಲ್ಲಿ ಬಾಟಲಿ ಇತ್ತು. ತೆಗೆದು ಕೊಟ್ಟೆ. ಅವರು ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಇನ್ನೊಂದು ಪರೀಕ್ಷೆ ಮಾಡಿದರು. ಕತ್ತಲೆ ಕೋಣೆ. ಒಂದು ಬೋಗುಣಿಯಂಥ ಮಷಿನ್. ಗದ್ದ ಇಟ್ಟು ನಡುವಿನ ದೀಪ ನೋಡುತ್ತಿರಬೇಕು. ಅಕ್ಕಪಕ್ಕ ಎಲ್ಲಿ ಚುಕ್ಕೆ ಬೆಳಕು ಮಿನುಗಿದರೂ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಹಿಂದೆ ನಿಂತಿದ್ದೆ. ನನಗೆ ಚುಕ್ಕೆಗಳು ಕಾಣುತ್ತಿದ್ದವು. ಒಂದು, ಇನ್ನೊಂದು, ಮತ್ತೊಂದು. ಮಗ ಒತ್ತುತ್ತಿಲ್ಲ. ಬೆಳಗಿನ ಐದಕ್ಕೆ ಎದ್ದು ಬಂದಿದ್ದೆವು, ನಿದ್ದೆ ಬಂದಿರಬೇಕು ಎಂದುಕೊಂಡು ಬಗ್ಗಿ ಕಿವಿಯಲ್ಲಿ, "ಒತ್ತೋ ಯಪ್ಪಾ, ಬಂತು ನೋಡು" ಎಂದೆ. ಅವನು, "ಎಲ್ಲಿ ಅವ್ವಾ?" ಎಂದ.

ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಮಾನ್ಯರೇ, ನಿಮ್ಮಲ್ಲಿ ಮಕ್ಕಳಿರುವವರು ಆ ಕೋಣೆಯಲ್ಲಿ ಒಂದು ನಿಮಿಷ ನಿಂತಂತೆ ಅಂದುಕೊಂಡು ಮುಂದಿನದನ್ನು ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ಡಾಕ್ಟರಮ್ಮ ಚಿತ್ರ ಬರೆದು ತಿಳಿಸಿದರು. ಕಣ್ಣಿನೊಳಗೆ ದಿನಾ ಒಂದು ನೀರು ಹುಟ್ಟುತ್ತದೆ, ಮೂಲೆಯಲ್ಲಿರುವ ಜರಡಿಯಂಥ ಭಾಗದಿಂದ ಹೊರಗೆ ಹೋಗುತ್ತದೆ. ಸ್ಟೀರಾಯ್ಡ್ ಹನಿ ಬಹಳ ದಿನ ಬಿದ್ದರೆ ಕೆಲವರಲ್ಲಿ ಆ ಜರಡಿ ಕಟ್ಟಿಕೊಳ್ಳುತ್ತದೆ. ನೀರು ಹೋಗಲು ದಾರಿ ಇಲ್ಲದೆ ಒಳಗೆ ಒತ್ತಡ ಏರುತ್ತದೆ. ಆ ಒತ್ತಡ ಕಣ್ಣಿನ ನರವನ್ನು ಎಳೆ ಎಳೆಯಾಗಿ ಸಾಯಿಸುತ್ತದೆ. ಒಂದು ಕಣ್ಣಿನ ನರದಲ್ಲಿ ಹತ್ತು ಲಕ್ಷಕ್ಕೂ ಮೀರಿ ಎಳೆಗಳು ಇರುತ್ತವಂತೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ. ಸ್ಟೀರಾಯ್ಡ್ ಹನಿಯನ್ನು ವಾರಗಟ್ಟಲೆ ಹಾಕಿದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಪ್ರೆಶರ್ ಒಂದಿಷ್ಟು ಏರುತ್ತದೆ. 100ರಲ್ಲಿ ಐದಾರು ಜನರಿಗೆ ಬಹಳ ಏರುತ್ತದೆ. ಮಕ್ಕಳಲ್ಲಿ ಇನ್ನೂ ಬೇಗ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ, ದಪ್ಪ ಮೈನಸ್ ಕನ್ನಡಕದವರಿಗೆ ಅಪಾಯ ಜಾಸ್ತಿ. ಯಾರಿಗೆ ಏರುತ್ತದೆ ಎಂದು ಮುಖ ನೋಡಿ ಹೇಳಲು ಬರುವುದಿಲ್ಲ. ಅಳೆದೇ ನೋಡಬೇಕು. 15 ದಿನಕ್ಕೆ ಬನ್ನಿ ಎಂದು ಮೊದಲ ಡಾಕ್ಟರು ಕರೆದದ್ದು ಅದಕ್ಕೇ. ಆಗಲೇ ಹೋಗಿ ಅಳೆಸಿದ್ದರೆ, ಏರಿದ್ದು ಕಂಡು ಹನಿ ನಿಲ್ಲಿಸಿದ್ದರೆ, ಬಹಳ ಜನರಲ್ಲಿ ಕೆಲವು ವಾರದಲ್ಲಿ ಪ್ರೆಶರ್ ತಾನಾಗಿ ಇಳಿಯುತ್ತದೆ. ನಾವು ಆ ಹಂತ ದಾಟಿ ಬಂದಿದ್ದೆವು. ಎಡಗಣ್ಣಿಗೆ ಆಪರೇಷನ್ ಆಯಿತು. ಉಳಿದ ನೋಟ ಉಳಿಸಲಿಕ್ಕೆ ಅಷ್ಟೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಇದನ್ನು ಓದಿ ಯಾರೂ ಹೆದರಿ ಸ್ಟೀರಾಯ್ಡ್ ಹನಿಯನ್ನು ದಿಢೀರನೆ ನಿಲ್ಲಿಸಬಾರದು. ಪೊರೆ ಆಪರೇಷನ್ ಆದವರಿಗೆ ಅದು ಬೇಕು. ಕಣ್ಣಿನೊಳಗೆ ಉರಿಯೂತ ಬಂದವರಿಗೆ ಅದೇ ಕಣ್ಣು ಉಳಿಸುತ್ತದೆ. ಹಾಕುತ್ತಿರುವವರು ಡಾಕ್ಟರ ಹತ್ತಿರ ಹೋಗಿ ಪ್ರೆಶರ್ ನೋಡಿಸಿ, ಅವರು ಹೇಳಿದ ಹಾಗೆ ಮಾಡಲಿ. ನನ್ನ ತಕರಾರು ಔಷಧದ ಮೇಲೆ ಅಲ್ಲ.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಮಗಳು ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ ಓದುತ್ತಾಳೆ. ಅವಳು ತನ್ನ ಪುಸ್ತಕ ತೆಗೆದು ತೋರಿಸಿದಳು. ನಿಮಗೆ ಇದು ಬಾಯಿಪಾಠ ಇರುತ್ತದೆ, ಆದರೂ ಓದುಗರಿಗಾಗಿ ಬರೆಯುತ್ತೇನೆ. ಸ್ಟೀರಾಯ್ಡ್ ಕಣ್ಣಿನ ಹನಿಗಳು ಷೆಡ್ಯೂಲ್ ಎಚ್ ಔಷಧಗಳು. ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಇಷ್ಟು ನಮಗೂ ಅರೆಬರೆ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು. 1945ರ ಔಷಧ ನಿಯಮಗಳ 65ನೇ ನಿಯಮದಲ್ಲಿ ಬರೆದಿದೆ: ಇಂಥ ಔಷಧದ ಚೀಟಿಗೆ ಒಂದೇ ಸಲ ಔಷಧ ಕೊಡಬೇಕು. ಮತ್ತೆ ಕೊಡಬಹುದು ಎಂದು ಡಾಕ್ಟರೇ ಚೀಟಿಯಲ್ಲಿ ಬರೆದಿದ್ದರೆ ಮಾತ್ರ ಮತ್ತೆ ಕೊಡಬಹುದು. ಕೊಟ್ಟಾಗ ಅಂಗಡಿಯ ಹೆಸರು, ವಿಳಾಸ, ಕೊಟ್ಟ ದಿನಾಂಕವನ್ನು ಅದೇ ಚೀಟಿಯ ಮೇಲೆ, ಡಾಕ್ಟರ ಸಹಿಯ ಮೇಲ್ಗಡೆ ನಮೂದಿಸಬೇಕು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹಳೇ ಚೀಟಿ ಹಿಡಿದು ಹೋದದ್ದು ತಪ್ಪು ಎಂದು ನನಗೆ ಯಾರೂ ಹೇಳಿರಲಿಲ್ಲ. ಚೀಟಿ ಇದೆಯಲ್ಲ, ನಾನು ಸರಿಯಾಗೇ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ನನ್ನ ಕೆಲಸದಲ್ಲಿ ನೋಡಿ. ಒಂದು ಮಗುವಿಗೆ ವಿಟಮಿನ್ ಎ ಕುಡಿಸಿದರೆ ಆ ದಿನವೇ ತಾಯಿ ಕಾರ್ಡಿನಲ್ಲಿ ದಿನಾಂಕ ಬೀಳಬೇಕು. ಮುಂದಿನದು ಆರು ತಿಂಗಳ ಮೇಲೆ. ನಡುವೆ ಯಾರಾದರೂ ಮತ್ತೆ ಕುಡಿಸಲು ಹೋದರೆ ಕಾರ್ಡೇ ತಡೆಯುತ್ತದೆ. ಓದು ಬಾರದ ತಾಯಿಗೂ ಆ ಕಾರ್ಡಿನ ಬೆಲೆ ಗೊತ್ತು. ಒಂದು ರಬ್ಬರ್ ಸೀಲು, ಒಂದು ದಿನಾಂಕ. ನನ್ನ ಮಗನ ಚೀಟಿಯ ಮೇಲೆ ಮೊದಲ ದಿನವೇ ಅಷ್ಟು ಬಿದ್ದಿದ್ದರೆ, ಎರಡನೇ ಸಲ ಹೋದಾಗ ಆ ಹುಡುಗನೇ "ಇದು ಮುಗದೈತ್ರಿ ಅಕ್ಕಾ, ಡಾಕ್ಟರಿಗೆ ತೋರಿಸಿ ಬರ್ರಿ" ಎನ್ನುತ್ತಿದ್ದ. ನಾನು ಗೊಣಗಿಕೊಂಡಾದರೂ ಹೋಗುತ್ತಿದ್ದೆ.

ಬಾಟಲಿಯ ಮೇಲೆ ಎಚ್ಚರಿಕೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಹೆಬ್ಬೆರಳಿನಷ್ಟು ಬಾಟಲಿ, 5 ಮಿಲಿಲೀಟರ್. ಅದರ ಸುತ್ತ ಸುತ್ತಿದ ಕಾಗದದಲ್ಲಿ ಎಳ್ಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರ. ನಾನು ಪಿಯುಸಿ ಓದಿದವಳು. ಬಿಸಿಲಿಗೆ ಹಿಡಿದು ಕೂಡಿಸಿ ಕೂಡಿಸಿ ಓದಿದೆ. ಔಷಧದ ಹೆಸರು ಡೆಕ್ಸಾಮೆಥಾಸೋನ್ ಎಂದಿದೆ. ಸ್ಟೀರಾಯ್ಡ್ ಎಂಬ ಪದ ನಾನು ಓದಿದ ಕಡೆ ಎಲ್ಲೂ ಇಲ್ಲ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥೋಲೋನ್ ಇವೆಲ್ಲ ಸ್ಟೀರಾಯ್ಡೇ ಎಂದು ಹುಬ್ಬಳ್ಳಿಯಲ್ಲಿ ಹೇಳಿದ ಮೇಲೆ ಗೊತ್ತಾಯಿತು. ಆಂಟಿಬಯಾಟಿಕ್ ಜೊತೆ ಬೆರೆಸಿದ ಹನಿಗಳೂ ಇವೆ. ಅದನ್ನು ಅಂಗಡಿಯಲ್ಲಿ ಆಂಟಿಬಯಾಟಿಕ್ ಡ್ರಾಪ್ಸ್ ಎಂದೇ ಕೊಡುತ್ತಾರೆ. ಒಳಗೆ ಸ್ಟೀರಾಯ್ಡ್ ಇರುವುದು ತೆಗೆದುಕೊಂಡವರಿಗೆ ಗೊತ್ತೇ ಆಗುವುದಿಲ್ಲ.

ಇದು ನಮ್ಮ ಮನೆ ಒಂದರ ಕಥೆಯಾಗಿದ್ದರೆ ನಾನು ಬಹಿರಂಗವಾಗಿ ಬರೆಯುತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಪಕ್ಕ ಗಂಗಾವತಿ ಕಡೆಯ ಒಬ್ಬ ಕೂಲಿ ಹೆಣ್ಣುಮಗಳು ಕೂತಿದ್ದಳು. ನಮ್ಮ ಜಿಲ್ಲೆಯ ಆ ಭಾಗ ತುಂಗಭದ್ರಾ ನೀರಿನ ಭತ್ತದ ಸೀಮೆ. ಸುಗ್ಗಿಯಲ್ಲಿ ಭತ್ತದ ಹೊಟ್ಟು ಕಣ್ಣಿಗೆ ಬಿದ್ದು ಗೀರಿದೆ. ಮೆಡಿಕಲ್ಲಿನಲ್ಲಿ ಹನಿ ಕೊಟ್ಟಿದ್ದಾರೆ. ಎರಡು ದಿನ ಹಾಯ್ ಅನಿಸಿದೆ. ವಾರದಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಹೂ ಬಿದ್ದಿದೆ. ಹೊಟ್ಟು, ಎಲೆ, ಕಡ್ಡಿ ಬಡಿದ ಕಣ್ಣಿಗೆ ಫಂಗಸ್ ಹತ್ತುವುದು ರೈತಾಪಿ ಸೀಮೆಯಲ್ಲಿ ಸಾಮಾನ್ಯ. ಅದರ ಮೇಲೆ ಸ್ಟೀರಾಯ್ಡ್ ಬಿದ್ದರೆ ಹುಲ್ಲಿನ ಬಣವೆಗೆ ಹತ್ತಿದ ಬೆಂಕಿಗೆ ಗಾಳಿ ಬೀಸಿದ ಹಾಗೆ. ಕಣ್ಣು ತನ್ನನ್ನು ಕಾಯುವ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ. ಹರ್ಪಿಸ್ ಎಂಬ ವೈರಸ್ಸಿನಿಂದ ಕಣ್ಣಿಗೆ ಆಗುವ ಹುಣ್ಣಿಗೂ ಹಾಗೇ. ಕೆಂಪಾದ ಕಣ್ಣಿನ ಕಾರಣ ಅಂಗಡಿಯ ಕಟ್ಟೆಯ ಈಚೆ ನಿಂತವರಿಗೂ ಆಚೆ ನಿಂತವರಿಗೂ ಕಾಣುವುದಿಲ್ಲ.

2023ರ ಮಳೆಗಾಲ ನೆನಪಿಸಿಕೊಳ್ಳಿ. ಮದ್ರಾಸ್ ಐ ಎಂದು ಮನೆ ಮನೆಯಲ್ಲೂ ಕಣ್ಣು ಕೆಂಪು. ಬಹುಪಾಲು ವೈರಸ್ಸಿನಿಂದ ಬರುವಂಥದ್ದು, ತಾನಾಗಿ ಹೋಗುವಂಥದ್ದು. ಆರೋಗ್ಯ ಇಲಾಖೆ ಸೂಚನೆ ಹೊರಡಿಸಿತ್ತು. ಆದರೂ ನಮ್ಮೂರಲ್ಲಿ ಜನ ಪುಟ್ಟ ಪುಟ್ಟ ಬಾಟಲಿ ತಂದು, ಒಂದೇ ಬಾಟಲಿಯಿಂದ ಮನೆಮಂದಿಗೆಲ್ಲ ಹಾಕಿಕೊಂಡರು. ಅದರಲ್ಲಿ ಎಷ್ಟರಲ್ಲಿ ಸ್ಟೀರಾಯ್ಡ್ ಇತ್ತೋ, ಎಷ್ಟು ಮನೆಯಲ್ಲಿ ಅದು ಇವತ್ತಿಗೂ ನಡೆಯುತ್ತಿದೆಯೋ. ವೆಲ್ಡಿಂಗ್ ಮಾಡುವ ಹುಡುಗರು ಕಣ್ಣಿನ ಉರಿಗೆ ಮರಗಟ್ಟಿಸುವ ಹನಿ ಇಟ್ಟುಕೊಂಡಿರುವುದನ್ನೂ ನೋಡಿದ್ದೇನೆ. ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆಗೆ ಬಳಸುವ ಹನಿ ಅದು. ನೋವು ಗೊತ್ತಾಗದ ಕಣ್ಣಿಗೆ ಗಾಯ ಮಾಯುವುದೂ ಇಲ್ಲ.

ಡ್ರಾಪ್ಸ್ ಎಂದರೆ ನೀರು, ಹೊಟ್ಟೆಗೆ ಹೋಗುವುದಿಲ್ಲ, ಏನೂ ಆಗುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೇವೆ. ಈಗ ಮಗನಿಗೆ ಪ್ರೆಶರ್ ಇಳಿಸುವ ಟಿಮೊಲಾಲ್ ಹನಿ ಶುರು ಮಾಡುವ ಮೊದಲು ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಇವನಿಗೆ ದಮ್ಮು ಇದೆಯಾ?" ನನಗೆ ಆಶ್ಚರ್ಯವಾಯಿತು. ಕಣ್ಣಿಗೂ ದಮ್ಮಿಗೂ ಏನು ಸಂಬಂಧ? ಕಣ್ಣಿಗೆ ಹಾಕಿದ ಹನಿ ಒಳ ಮೂಲೆಯ ಸಣ್ಣ ತೂತಿನಿಂದ ಮೂಗಿಗೆ ಇಳಿದು, ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತದೆ. ಟಿಮೊಲಾಲ್ ದಮ್ಮು ಇರುವವರಿಗೆ ಉಸಿರು ಕಟ್ಟಿಸಬಹುದು, ಎದೆಬಡಿತ ನಿಧಾನ ಮಾಡಬಹುದು. ಬ್ರಿಮೋನಿಡಿನ್ ಎಂಬ ಹನಿ ಎರಡು ವರ್ಷದೊಳಗಿನ ಕೂಸಿಗೆ ಹಾಕಲೇಬಾರದು, ಮಂಪರು ಬಂದು ಉಸಿರೇ ನಿಲ್ಲಬಹುದು. ಅಜ್ಜನ ಗ್ಲಾಕೋಮಾ ಡ್ರಾಪ್ಸ್ ಮತ್ತು ಮೊಮ್ಮಗನ ಕಣ್ಣು ಒಂದೇ ಮನೆಯಲ್ಲಿರುತ್ತವೆ ಅಲ್ವಾ?

ಅಲ್ಲಿನ ನರ್ಸಮ್ಮ ಹನಿ ಹಾಕುವುದನ್ನೂ ಕೈ ಹಿಡಿದು ಕಲಿಸಿದಳು. ಎರಡೂವರೆ ವರ್ಷ ಹಾಕಿದ ಮೇಲೆ ಕಲಿತೆ ನಾನು. ಕೈ ತೊಳೆ. ಕೆಳ ರೆಪ್ಪೆ ಎಳೆದು ಜೇಬಿನ ಹಾಗೆ ಮಾಡು. ಒಂದೇ ಹನಿ. ಕಣ್ಣಿನಲ್ಲಿ ಹಿಡಿಸುವುದೇ ಅಷ್ಟು, ಎರಡನೆಯದು ಕೆನ್ನೆಗೆ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಕಣ್ಣು ಮೆಲ್ಲಗೆ ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿ, ಆಗ ಔಷಧ ಮೂಗಿಗೆ ಇಳಿಯುವುದು ಕಡಿಮೆ. ಇನ್ನೊಂದು ಹನಿ ಇದ್ದರೆ ಐದು ನಿಮಿಷ ಬಿಡು. ಬಾಟಲಿ ತೆರೆದ ದಿನವನ್ನು ಅದರ ಮೇಲೆ ಬರೆ, ಒಂದು ತಿಂಗಳಿಗೆ ಎಸೆ. ಇಷ್ಟನ್ನು ಹೇಳಲು ಅವಳಿಗೆ ಬೇಕಾದದ್ದು ಐದೇ ನಿಮಿಷ. ಈಗ ದಿನಕ್ಕೆ ಎರಡು ಸಲ ಅವನ ಮೂಗಿನ ಮೂಲೆ ಒತ್ತಿ ಹಿಡಿದು ನೂರಿಪ್ಪತ್ತು ಎಣಿಸುತ್ತೇನೆ. ಅವನೂ ನನ್ನ ಜೊತೆ ಎಣಿಸುತ್ತಾನೆ.

ಮಾನ್ಯರೇ, ನಾನು ಹೊಸ ಕಾನೂನು ಕೇಳುತ್ತಿಲ್ಲ. ಇರುವ ಒಂದು ಸಾಲನ್ನು ನಡೆಸಿಕೊಡಿ ಎನ್ನುತ್ತಿದ್ದೇನೆ. ನಿಮ್ಮ ಪರಿವೀಕ್ಷಕರು ಅಂಗಡಿಗೆ ಹೋದಾಗ ಲೈಸೆನ್ಸು, ಫ್ರಿಜ್ಜು, ಬಿಲ್ ಬುಕ್ಕು ನೋಡುತ್ತಾರೆ. ಅದರ ಜೊತೆ ಸ್ಟೀರಾಯ್ಡ್ ಕಣ್ಣಿನ ಹನಿಗಳ ಖರೀದಿ ಬಿಲ್ಲನ್ನೂ ಮಾರಿದ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಯಾವ ಡಾಕ್ಟರ ಯಾವ ಚೀಟಿಗೆ ಹೋಯಿತು ಎಂದು ಕೇಳಲಿ. ಸೀಲು ಹಾಕುತ್ತಿದ್ದೀರಾ, ಸೀಲು ಎಲ್ಲಿದೆ ತೋರಿಸಿ ಎನ್ನಲಿ. ಆ ಒಂದು ಪ್ರಶ್ನೆ ಪ್ರತಿ ಭೇಟಿಯಲ್ಲೂ ಬಂದರೆ ಮೂರು ತಿಂಗಳಲ್ಲಿ ಎಲ್ಲಾ ಅಂಗಡಿಯಲ್ಲೂ ರಬ್ಬರ್ ಸೀಲು ಕಟ್ಟೆಯ ಮೇಲೆ ಬರುತ್ತದೆ ಎಂಬ ನಂಬಿಕೆ ನನಗಿದೆ. ಅಂಗಡಿಯವರನ್ನು ಮೊದಲ ದಿನವೇ ದಂಡಿಸಿ ಎಂದು ಹೇಳುವುದಿಲ್ಲ. ಅವರ ಸಂಘದವರನ್ನು ಕರೆದು ಕೂರಿಸಿ ತಿಳಿಸಿ. ತಿಳಿಸಿದ ಮೇಲೂ ಮಾಡಿದರೆ ಆಗ ಬಿಡಬೇಡಿ.

ಫಾರ್ಮಸಿಸ್ಟರ ಸರ್ಟಿಫಿಕೇಟ್ ಗೋಡೆಯ ಮೇಲೆ ಇರುತ್ತದೆ, ಫಾರ್ಮಸಿಸ್ಟರು ಇರುವುದಿಲ್ಲ. ಎರಡೂವರೆ ವರ್ಷದಲ್ಲಿ ಆ ಅಂಗಡಿಯಲ್ಲಿ ಗೋಡೆಯ ಫೋಟೋದ ಮುಖವನ್ನು ನಾನು ಒಂದು ಸಲವೂ ಎದುರಿಗೆ ನೋಡಲಿಲ್ಲ. ಔಷಧ ಕೊಡುವಾಗ ನೋಂದಾಯಿತ ಫಾರ್ಮಸಿಸ್ಟರ ಕಣ್ಗಾವಲು ಇರಬೇಕು ಎಂಬುದೂ ಇರುವ ಕಾನೂನೇ. ತಂಗಿಯ ಮಗಳು ಎರಡು ವರ್ಷ ಕಷ್ಟಪಟ್ಟು ಓದುತ್ತಿದ್ದಾಳೆ. ಅವಳ ಓದು ಗೋಡೆಗೆ ಮೊಳೆ ಹೊಡೆಯಲಿಕ್ಕಷ್ಟೇ ಆಗಬಾರದು.

ಲೇಬಲ್ಲಿನ ನಿಯಮ ದೆಹಲಿಯಲ್ಲಿ ಆಗುತ್ತದೆ, ನಿಮ್ಮ ಕೈಯಲ್ಲಿಲ್ಲ. ಅದು ಗೊತ್ತು. ಆದರೆ ಅಂಗಡಿಯಲ್ಲಿ ಬಾಟಲಿಯ ಡಬ್ಬಿಗೆ ಒಂದು ಕನ್ನಡದ ಸ್ಟಿಕರ್ ಅಂಟಿಸಿ ಕೊಡಿ ಎಂದು ನೀವು ಹೇಳಬಹುದು. ದಪ್ಪ ಅಕ್ಷರದಲ್ಲಿ ಎರಡೇ ಸಾಲು: "ಇದರಲ್ಲಿ ಸ್ಟೀರಾಯ್ಡ್ ಇದೆ. ಡಾಕ್ಟರು ಹೇಳಿದ ದಿನಕ್ಕಿಂತ ಹೆಚ್ಚು ಹಾಕಬೇಡಿ, ಕಣ್ಣು ಹೋಗಬಹುದು." ಕಣ್ಣಿನ ಡಾಕ್ಟರುಗಳಲ್ಲೂ ನನ್ನದೊಂದು ಬೇಡಿಕೆ. ಚೀಟಿಯಲ್ಲಿ ಎಷ್ಟು ದಿನ ಎಂದು ಬರೆಯುತ್ತೀರಿ. ಅದರ ಜೊತೆ ನಿಲ್ಲಿಸುವ ತಾರೀಕನ್ನೂ ಬರೆಯಿರಿ. "ಮತ್ತೆ ಕೊಡಬಾರದು" ಎಂದು ಕನ್ನಡದಲ್ಲಿ ಬರೆದು ಗೆರೆ ಎಳೆಯಿರಿ. ಆನ್‌ಲೈನಿನಲ್ಲಿ ತರಿಸುವವರಿಗೂ ಇದೇ ನಿಯಮ ನಡೆಯಬೇಕು.

ಆರೋಗ್ಯ ಇಲಾಖೆಗೂ ಈ ಪತ್ರದ ಒಂದು ಪ್ರತಿ ಕಳಿಸುತ್ತೇನೆ. ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ತಂಡ ಬರುತ್ತದೆ. ಆಶಾಕಿರಣ ಯೋಜನೆಯಲ್ಲಿ ಮನೆ ಮನೆಗೆ ಹೋಗಿ ಕಣ್ಣು ನೋಡಿದ್ದಾರೆ. ಅಲ್ಲೆಲ್ಲ ಅಕ್ಷರದ ಪಟ್ಟಿ ತೋರಿಸಿ ಓದಿಸುತ್ತಾರೆ. ನನ್ನ ಮಗ ಕೊನೆಯ ಸಾಲಿನ ತನಕ ಓದುತ್ತಿದ್ದ. ಪಟ್ಟಿ ಓದಿಸಿದ ಮೇಲೆ ಒಂದು ಪ್ರಶ್ನೆ ಸೇರಿಸಿ: ಕಣ್ಣಿಗೆ ಯಾವುದಾದರೂ ಡ್ರಾಪ್ಸ್ ಹಾಕುತ್ತಿದ್ದೀರಾ, ಎಷ್ಟು ದಿನದಿಂದ, ಬಾಟಲಿ ತನ್ನಿ ನೋಡೋಣ. ಹಾಕುತ್ತಿರುವ ಮಗುವಿನ ಪ್ರೆಶರ್ ಅಳೆಸಲು ತಾಲ್ಲೂಕು ಆಸ್ಪತ್ರೆಯಲ್ಲೇ ವ್ಯವಸ್ಥೆ ಇರಲಿ. ನಮ್ಮಂಥ ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಆ ಪ್ರಶ್ನೆ ಕೇಳಲು ತಯಾರಿದ್ದೇವೆ. ನಾನು ಈಗಾಗಲೇ ಕೇಳಲು ಶುರು ಮಾಡಿದ್ದೇನೆ. ನಮ್ಮ ಊರೊಂದರಲ್ಲೇ ಇಬ್ಬರು ಹುಡುಗರ ಮನೆಯಲ್ಲಿ ಅದೇ ಬಾಟಲಿ ಸಿಕ್ಕಿತು. ಇಬ್ಬರನ್ನೂ ಹುಬ್ಬಳ್ಳಿಗೆ ಕಳಿಸಿದೆ. ಒಬ್ಬನ ಪ್ರೆಶರ್ ಏರಿತ್ತು, ನರ ಇನ್ನೂ ಚೆನ್ನಾಗಿದೆ ಎಂದರು. ಅವನಿಗೆ ಬೇರೆ ಅಲರ್ಜಿ ಹನಿ, ತಣ್ಣೀರ ಬಟ್ಟೆ, ಬಿಸಿಲಿಗೆ ಟೋಪಿ ಎಂದು ಹೇಳಿ ಕಳಿಸಿದ್ದಾರೆ. ಅವನ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತಳು.

ಔಷಧದಿಂದ ತೊಂದರೆಯಾದರೆ ಹೇಳಿಕೊಳ್ಳಲು 1800-180-3024 ಎಂಬ ಉಚಿತ ಸಹಾಯವಾಣಿ ಇದೆ ಎಂದೂ ಈಚೆಗೆ ತಿಳಿಯಿತು. ನಮ್ಮ ಸುತ್ತಿನ ಯಾವ ಮೆಡಿಕಲ್ಲಿನಲ್ಲೂ ಆ ನಂಬರ್ ಕಣ್ಣಿಗೆ ಬೀಳುವ ಹಾಗೆ ಬರೆದದ್ದನ್ನು ನಾನು ಕಂಡಿಲ್ಲ. ಬರೆಸಿ.

ಆ ಅಂಗಡಿಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ. ಅದೊಂದನ್ನು ಮುಚ್ಚಿಸಿದರೆ ಪಕ್ಕದ್ದರಲ್ಲಿ ಅದೇ ಬಾಟಲಿ ಸಿಗುತ್ತದೆ. ಆದರೆ ನನ್ನ ಹತ್ತಿರ 2022ರ ಆ ಚೀಟಿ ಇದೆ. ಮಡಿಕೆಯಲ್ಲಿ ಹರಿದು ಎರಡಾಗಿದೆ, ಹಿಂದಿನಿಂದ ಟೇಪು ಹಚ್ಚಿದ್ದೇನೆ. ಕೊನೆಯ ಮೂರು ಖಾಲಿ ಬಾಟಲಿಗಳೂ ಇವೆ. ನೀವು ಜಿಲ್ಲಾ ಕಚೇರಿಗೆ ಬಾ ಎಂದ ದಿನ ರಜೆ ಹಾಕಿ ತೆಗೆದುಕೊಂಡು ಬರುತ್ತೇನೆ. ಚೀಟಿಯನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿ. ಡಾಕ್ಟರ ಸಹಿಯ ಮೇಲೆ ಜಾಗ ಖಾಲಿ ಇದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ,
ಕೊಪ್ಪಳ ಜಿಲ್ಲೆ